ಅಪ್ಪನ ಹಲ್ಲುಸೆಟ್ಟಿಗೆ ಬಿದ್ದ ಬೀಗ

ದಿಲ್ಲಿಯ ಕರೋಲ್ ಬಾಗಿನ ಆ ಗಲ್ಲಿಯಲ್ಲಿ ಸಿಗದ ವಸ್ತುವೇ ಇರಲಿಲ್ಲ ಬಿಡಿ. ಸೀರೆಗೆ ಫಾಲ್ ಹಚ್ಚುವವನು, ವಾಚಿಗೆ ಬೆಲ್ಟ್ ಹಾಕಿಕೊಡುವವನು, ನಮ್ಮ ಕಡೆಯವರಿಗೆಂದೇ ಕಾಫಿಪುಡಿ ಬೀಸಿಕೊಡುವ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಹಲ್ಲುಸೆಟ್ಟು ಮಾಡುವ ಮುದುಕ. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಕಾಲದಿಂದ ಅಪ್ಪ ಹೋಗುತ್ತಿದ್ದದ್ದು ಅವನ ಹತ್ತಿರವೇ. ರಿಟೈರಾಗಿ, ಅಮ್ಮ ತೀರಿಕೊಂಡು, ಮಯೂರ್ ವಿಹಾರದ ನಮ್ಮ ಫ್ಲ್ಯಾಟಿಗೆ ಬಂದ ಮೇಲೂ ಬಸ್ಸು ಬದಲಿಸಿಕೊಂಡು ಅಲ್ಲಿಗೇ. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಇಲ್ಲೇ ಪಕ್ಕದಲ್ಲಿ ಡೆಂಟಿಸ್ಟ್ ಇದ್ದಾರಲ್ಲಪ್ಪಾ ಎಂದರೆ, ಅವರಿಗೆ ನನ್ನ ಬಾಯಿ ಗೊತ್ತಿಲ್ಲ ಎನ್ನುತ್ತಿದ್ದರು.

ಆಗ ನನ್ನ ಮಗಳಿಗೆ ಒಂದೂವರೆ ವರ್ಷ, ಮಾತು ಬರುತ್ತಿದ್ದ ಸಮಯ. ನಾನೂ ನಮ್ಮನೆಯವರೂ ಬೆಳಿಗ್ಗೆ ನೋಯ್ಡಾದ ಆಫೀಸಿಗೆ ಓಡಿದರೆ ಮನೆಯಲ್ಲಿ ಉಳಿಯುತ್ತಿದ್ದವರು ಅಪ್ಪ, ಮಗು, ಮತ್ತೆ ಹಿಂದಿ ಬಿಟ್ಟರೆ ಬೇರೆ ಬಾರದ ಕೆಲಸದಾಕೆ. ಅಣ್ಣನ ಮಕ್ಕಳು ತಾತನ ಹತ್ತಿರವೂ ಹಿಂದಿಯಲ್ಲೇ ಮಾತಾಡಿ ಅಪ್ಪನ ಹೊಟ್ಟೆ ಉರಿಸಿದ್ದರು. ಈ ಒಂದಾದರೂ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿ, ಹಿಂದಿಯನ್ನು ಬೀದಿ ಕಲಿಸುತ್ತೆ ಎಂದು ಹಟ ಹಿಡಿದಿದ್ದರು. ದಿನವಿಡೀ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ, ನಲ್ಲಿ, ಚಂಬು ಎಂದು ಒಂದೇ ಸಮನೆ ವಟವಟ. ಅವಳೂ ಮುದ್ದುಮುದ್ದಾಗಿ ಒಪ್ಪಿಸುತ್ತಿದ್ದಳು.

ಬೇಡ ಬೇಡ ಎಂದರೂ ಅಪ್ಪ ಚಕ್ಕುಲಿ ಕಡಿದು ಕೆಳಗಿನ ಸೆಟ್ಟು ಬಿರುಕು ಬಿಟ್ಟಿತು. ಮುದುಕ ಎರಡೂ ಸೆಟ್ಟು ಇಟ್ಟುಕೊಂಡು ಗುರುವಾರ ಬನ್ನಿ ಎಂದ. ಅಷ್ಟರಲ್ಲಿ ಸೀಲಿಂಗ್ ಶುರುವಾಯಿತಲ್ಲ, ಕೋರ್ಟಿನ ಆದೇಶದ ಮೇಲೆ ಕಾರ್ಪೊರೇಷನ್ನಿನವರು ವಾಸದ ಮನೆಗಳಲ್ಲಿ ನಡೆಯುತ್ತಿದ್ದ ಅಂಗಡಿಗಳಿಗೆಲ್ಲ ಬೀಗ ಹಾಕುವುದು. ನಾವು ಹೋದಾಗ ಅವನ ಬಾಗಿಲಿಗೂ ಅರಗಿನ ಮುದ್ರೆ ಬಿದ್ದಿತ್ತು. ಗಲ್ಲಿಯವರೆಲ್ಲ ಸಾವಿನ ಮನೆಯ ಮುಂದೆ ನಿಂತ ಹಾಗೆ ನಿಂತಿದ್ದರು. ಮುದುಕ ಅಪ್ಪನ ಕೈ ಹಿಡಿದುಕೊಂಡ. ಬಾಬೂಜಿ, ಬೀಗದ ಕೈ ನನ್ನ ಜೇಬಿನಲ್ಲೇ ಇದೆ, ಆದರೆ ಆ ಸೀಲು ಮುಟ್ಟಿದರೆ ಜೈಲು ಎಂದ.

ಬೀಗ ಬಿದ್ದದ್ದು ಅಂಗಡಿಗೆ, ಮಾತು ನಿಂತದ್ದು ನಮ್ಮ ಮನೆಯಲ್ಲಿ. ಸೆಟ್ಟಿಲ್ಲದೆ ಅಪ್ಪನ ಕೆನ್ನೆ ಗುಳಿಬಿದ್ದು ಮುಖವೇ ಬೇರೆಯಾಗಿತ್ತು. ಮಗು ಆ ಬಾಯಿ ನೋಡಿ ಕಿಟಾರನೆ ಕಿರುಚಿಕೊಂಡಿತು. ಒಂದು ಸಲವಲ್ಲ, ಹತ್ತಿರ ಹೋದಾಗಲೆಲ್ಲ. ಎರಡು ದಿನ ಬಿಟ್ಟರೆ ಅಭ್ಯಾಸವಾಗುತ್ತೆ, ನೀವು ಮಾತಾಡಿಸುತ್ತಲೇ ಇರಿ ಎಂದೆ. ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಹಾಲು ತರಲೂ ಹೋಗದ ಮನುಷ್ಯ, ಕೇಳುತ್ತಾರೆಯೇ? ಟವೆಲಿನಿಂದ ಬಾಯಿ ಮುಚ್ಚಿಕೊಂಡು ರೂಮು ಸೇರಿದರು. ಮಗು ಕೆಲಸದಾಕೆಯ ಕಂಕುಳಿಗೆ ಹೋಯಿತು. ಅವಳು ಪಾಪ ತನಗೆ ಬಂದ ಭಾಷೆಯಲ್ಲೇ ಮುದ್ದಾಡಿದಳು, ಅವಳನ್ನು ಏನೆಂದು ಬೈಯಲಿ?

ನಾವೇನು ಸುಮ್ಮನೆ ಕೂತಿರಲಿಲ್ಲ. ಪ್ರತಿ ಶನಿವಾರ ಕರೋಲ್ ಬಾಗಿಗೆ ಹೋಗಿ ಆ ಅರಗನ್ನು ನೋಡಿಕೊಂಡು ಬರುತ್ತಿದ್ದೆ. ಅಗಲೇ ಹಫ್ತೇ, ಮುಂದಿನ ವಾರ ತೆಗೆಯುತ್ತಾರೆ ಎಂದು ಎಲ್ಲರೂ ಹೇಳುವವರೇ. ಕಛೇರಿಯೊಂದರಲ್ಲಿ, ಒಳಗಿರುವುದು ನಮ್ಮಪ್ಪನ ಹಲ್ಲು ಸ್ವಾಮಿ ಎಂದರೆ ಗುಮಾಸ್ತ ನಕ್ಕುಬಿಟ್ಟ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪಕ್ಕದ ಡೆಂಟಿಸ್ಟ್ ಹೊಸ ಸೆಟ್ಟು ಮಾಡಿಕೊಟ್ಟರು. ಅಪ್ಪ ಅದನ್ನು ಹಾಕಿಕೊಂಡರೆ ಓಕರಿಕೆ, ತೆಗೆದರೆ ಒಸಡೆಲ್ಲ ಹುಣ್ಣು, ಕೊನೆಗೆ ಅದು ಡಬ್ಬಿಯಲ್ಲೇ ಉಳಿಯಿತು. ಸಂಜೆ ನಾವು ಬರುವ ಹೊತ್ತಿಗೆ ಮಗು ತೂಕಡಿಸುತ್ತಿತ್ತು. ನಮ್ಮ ಕನ್ನಡ ಅದಕ್ಕೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರತೊಡಗಿತು. ದಿಲ್ಲಿ ಮಕ್ಕಳೆಲ್ಲ ಹೀಗೇ, ತಾತನಿಗೆ ಹಲ್ಲಿದ್ದರೂ ಅಷ್ಟೇ ಎಂದು ಆಫೀಸಿನ ಗೆಳತಿ ಸಮಾಧಾನ ಮಾಡಿದಳು. ಇರಬಹುದು. ನನಗಂತೂ ಸಮಾಧಾನವಾಗಲಿಲ್ಲ.

ಬೀಗ ತೆಗೆಯುವಷ್ಟರಲ್ಲಿ ಚಳಿಗಾಲ ಬಂದಿತ್ತು. ಮುದುಕ ಸೆಟ್ಟನ್ನು ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ ಕೂರಿಸಿಕೊಟ್ಟ. ಮರುದಿನ ಭಾನುವಾರ ಅಪ್ಪ ನುಣ್ಣಗೆ ಶೇವ್ ಮಾಡಿಕೊಂಡು ಹಾಲ್‌ನಲ್ಲಿ ಕೂತು, ಬಾಯಿ ತುಂಬ ನಕ್ಕು, "ಬಾರೇ ಪುಟ್ಟಿ, ತಾತನ ಹತ್ತಿರ ಬಾ" ಎಂದು ಎರಡೂ ಕೈ ಚಾಚಿದರು.

"ನಹೀಂ," ಎಂದಳು ಅವಳು ಸೋಫಾದ ಹಿಂದಿನಿಂದ.

ಅಪ್ಪ ಇನ್ನೊಮ್ಮೆ ಕರೆದರು, ಮತ್ತೊಮ್ಮೆ ಕರೆದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ಎತ್ತಿಕೊಂಡು ಹೋಗಿ ಕೂರಿಸಿದರೆ ಮತ್ತೆ ಕಿರುಚುತ್ತಾಳೆ, ಸುಮ್ಮನಿದ್ದರೆ ಅಪ್ಪನ ಮುಖ ನೋಡಲಾಗುತ್ತಿಲ್ಲ. ಅಪ್ಪ ಚಾಚಿದ್ದ ಕೈ ಇಳಿಸಿದರು. ಆಮೇಲೆ ತಮ್ಮ ಆಫೀಸಿನ ಹಿಂದಿಯಲ್ಲಿ, ಮೆಲ್ಲಗೆ, "ಆಓ ಬೇಟಾ, ಡರೋ ಮತ್" ಎಂದರು.

ಅವಳು ಓಡಿ ಬಂದು ತೊಡೆ ಹತ್ತಿದಳು. ಅಪ್ಪ ಅವಳನ್ನು ಅಪ್ಪಿಕೊಂಡು ಕೂತರು, ನನ್ನ ಕಡೆ ನೋಡಲಿಲ್ಲ.