ಡಾಕ್ಟರರ ಮೇಜಿನ ಗಂಟೆ

ಮೊನ್ನೆ ಮೊಣಕಾಲು ನೋವೆಂದು ಶಿರಸಿಯಲ್ಲಿ ಒಬ್ಬ ಹೊಸ ಡಾಕ್ಟರ ಬಳಿ ಹೋಗಿದ್ದೆ. ಅವರ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು, ಅಂಗೈಯಿಂದ ತಟ್ಟಿದರೆ ಟಿಣ್ ಎನ್ನುವಂಥದ್ದು. ನಾನಿನ್ನೂ ಎಡಗಾಲಿನ ಸುದ್ದಿ ಮುಗಿಸಿ ಬಲಗಾಲಿಗೆ ಬಂದಿರಲಿಲ್ಲ, ಅವರು ತಟ್ಟಿಯೇಬಿಟ್ಟರು. ಮುಂದಿನವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರೇನೋ. ನನಗೆ ಸಿದ್ದಾಪುರದ ದವಾಖಾನೆಯ ಜಗಲಿ ನೆನಪಾಯಿತು, ಅಲ್ಲಿದ್ದ ಡಾಕ್ಟರೂ ನೆನಪಾದರು...

ಅದು ಮೂವತ್ತರ ದಶಕ, ನಮ್ಮ ಸೀಮೆ ಇನ್ನೂ ಮುಂಬೈ ಇಲಾಖೆಯಲ್ಲಿತ್ತು. ನಾನು ಅಲ್ಲಿ ನರ್ಸ್. ಮಳೆ ಬಿಟ್ಟಿತೆಂದರೆ ಚಳಿಜ್ವರ ಶುರು. ಕಾನಸೂರು, ಕೋಲಸಿರ್ಸಿ, ಎಲ್ಲೆಲ್ಲಿಂದಲೋ ಜನ ಕಂಬಳಿ ಹೊದ್ದು ನಡುಗುತ್ತ ನಡೆದು ಬರುತ್ತಿದ್ದರು. ಡಾಕ್ಟರು ಧಾರವಾಡದ ಕಡೆಯವರು, ಮಾತು ಬಲು ಕಡಿಮೆ. "ನಾಲಿಗಿ ತೋರ್ಸ್ರಿ" ಎನ್ನುವುದು, ಹೊಟ್ಟೆ ಒತ್ತಿ ನೋಡುವುದು, ಕ್ವಿನೈನಿಗೆ ಚೀಟಿ ಬರೆಯುವುದು, ಟಿಣ್. ರೋಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದದ್ದು ಜಗಲಿಗೆ ಬಂದ ಮೇಲೆಯೇ. ಜನ ಅವರಿಗೆ ಗಂಟೆ ಡಾಕ್ಟರು ಎಂದು ಹೆಸರಿಟ್ಟಿದ್ದರು.

ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. "ಸಾಹೇಬ್ರೇ, ಇವರೆಲ್ಲ ಎಂತ ದನಗಳಾ? ಎರಡು ಮಾತು ಆಡಿದ್ರೆ ಆಗೂದಿಲ್ವಾ?"

ಅವರು ಕಿಟಕಿಯಾಚೆ ಕೈ ತೋರಿಸಿದರು. "ಸಾಲಿನ ಕಡೀಗೆ ನಿಂತಾಕಿ ಕಾನಸೂರಾಕಿ. ಹೊತ್ತು ಮುಳುಗೂದ್ರಾಗ ಆಕಿ ಕಾಡು ದಾಟಬೇಕು. ಈಗ ನೀವs ಹೇಳ್ರಿ ನರ್ಸಬಾಯಿ, ಯಾರ ಮಾತು ಕೇಳ್ಲಿ?"

ನಾನು ಬಾಗಿಲಿಗೆ ಹೋಗಿ ಮುಂದಿನ ರೋಗಿಯನ್ನು ಒಳಗೆ ಕರೆದೆ.

ಹಾಗೆಂದು ಅವರು ಮಾಡಿದ್ದೆಲ್ಲ ಸರಿಯೂ ಅಲ್ಲ. ಕೆಲವು ದಿನಗಳ ಮೇಲೆ ತೋಟದ ಮನೆಯ ಹೆಂಗಸೊಬ್ಬಳು ಔಷಧದ ಬಾಟಲಿ ಹಿಡಿದು ಹೊರಬಂದಳು, ಕಣ್ಣಲ್ಲಿ ನೀರು. "ಯಂಗೆ ಎಂತ ಆಜು ಹೇಳಿ ಕೇಳಿದ್ನೇ ಇಲ್ಲೆ" ಎಂದಳು; ಏನಾಗಿದೆ ಎಂದು ಡಾಕ್ಟರು ವಿಚಾರಿಸಲೇ ಇಲ್ಲವಂತೆ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟಳು: ಬಸುರಿ. ಹಿಂದಿನ ಬಸಿರುಗಳು ನಿಂತಿರಲಿಲ್ಲ. "ಗಂಡಸ್ರ ಎದ್ರಿಗೆ ಹ್ಯಾಂಗೆ ಹೇಳದು?"

ಬಸುರಿಗೆ ಅಷ್ಟು ಕ್ವಿನೈನು ಕೊಟ್ಟರೆ ಗರ್ಭ ಇಳಿದೀತೆಂದು ಆಗ ಎಲ್ಲ ಡಾಕ್ಟರೂ ಹೆದರುತ್ತಿದ್ದರು. ಬಾಟಲಿ ಕಸಿದುಕೊಂಡು ಒಳಗೆ ಓಡಿದೆ. ಡಾಕ್ಟರ ಮುಖ ಬಿಳಿಚಿತು. ತಾವೇ ಎದ್ದು ಬೇರೆ ಔಷಧ ಮಾಡಿ ಕೊಟ್ಟರು. ಆಮೇಲೆ ಬಹಳ ಹೊತ್ತು ಗಂಟೆಯ ಸದ್ದೇ ಇಲ್ಲ.

"ನಾಳಿಂದ ನೀವು ಹೊರಗ ಕುಂದರ್ರಿ," ಎಂದರು ಕೊನೆಗೆ. "ಕತಿ ಎಲ್ಲಾ ನೀವು ಕೇಳ್ರಿ. ನನಗ ಒಂದs ಮಾತಿನ್ಯಾಗ ಹೇಳ್ರಿ."

ಅಂದಿನಿಂದ ಜಗಲಿಯ ಬೆಂಚು ನನ್ನದಾಯಿತು. ಅತ್ತೆಯ ಕಾಟ, ಎಮ್ಮೆ ಕರು ಹಾಕಿದ್ದು, ಗಂಡನ ಕುಡಿತ, ಎಲ್ಲದರ ಬಾಲಕ್ಕೆ ಒಂದಿಷ್ಟು ಕಾಯಿಲೆ. ಸಾಲು ಮೊದಲಿನ ವೇಗದಲ್ಲೇ ಸಾಗುತ್ತಿತ್ತು. ಡಾಕ್ಟರು ಈಗ ಒಳ್ಳೆಯವರಾಗಿದ್ದಾರೆಂದು ಜನ ಹೊಗಳತೊಡಗಿದರು. ಪುಣ್ಯಾತ್ಮ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ! ಸೋತು ಸುಣ್ಣವಾಗುತ್ತಿದ್ದವಳು ನಾನು. ಊರಿನವರ ಸಂಕಟವನ್ನೆಲ್ಲ ಹೊತ್ತು ಮನೆಗೆ ಹೋದರೆ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟು ಮಲಗುತ್ತಿದ್ದೆ.

ಮರುವರ್ಷ ಜ್ವರ ಅವರನ್ನೂ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಯಲ್ಲಾಪುರದ ಸಾಬರೊಬ್ಬರು ಮರುದಿನ ಬೆಳಿಗ್ಗೆ ತಮ್ಮ ಲಾರಿಯಲ್ಲಿ ಹುಬ್ಬಳ್ಳಿಗೆ ಸಾಗಿಸಲು ಒಪ್ಪಿದ್ದರು. ಜಗಲಿಯಲ್ಲಿ ಎಂದಿನಂತೆ ಜನ. ಅವತ್ತು ರೋಗಿಗಳನ್ನು ನೋಡುವವಳೂ ನಾನೇ. ಸಂಜೆಯ ಹೊತ್ತಿಗೆ ಅವರ ಹಣೆಯ ಒದ್ದೆ ಬಟ್ಟೆ ಬದಲಿಸಲು ಒಳಗೆ ಹೋದೆ.

"ಕುಂದರ್ರಿ ನರ್ಸಬಾಯಿ," ಎಂದರು. "ನಮ್ಮವ್ವಗೂ ಹಿಂಗs ಜ್ವರ ಬಂದಿತ್ತು. ನಾ ಆಗ ಸಣ್ಣಾಂವ. ದವಾಖಾನಿ ಬಾಗಲ್ದಾಗ..."

ಅಷ್ಟು ಕಾಲ ಮನೆಯ ಸುದ್ದಿ ಎತ್ತದ ಮನುಷ್ಯ. ನಾನು ಕುಳಿತೆ. ಹೊರಗೆ ಯಾರೋ ಕೆಮ್ಮಿದರು, ಮಗುವೊಂದು ಅತ್ತಿತು. ಬಿಸಿಲು ಬೆಂಚಿನಿಂದ ಇಳಿದಾಗಿತ್ತು. ನನ್ನ ಕಿವಿ ಅತ್ತ ಹೋದದ್ದು ಅವರಿಗೆ ತಿಳಿಯಿತು. ಮಾತು ನಿಲ್ಲಿಸಿ ಬೆರಳಿನಿಂದ ಮಂಚದ ಪಟ್ಟಿಯನ್ನು ಒಂದು ಸಲ ತಟ್ಟಿದರು.

"ಕಾನಸೂರಿನವ್ರು ಇರ್ತಾರ. ಹೋಗ್ರಿ."

"ಉಳಿದದ್ದು?"

"ಆಮ್ಯಾಲೆ."

ಎದ್ದು ಹೋದೆ. ಎಲ್ಲರೂ ಔಷಧ ತೆಗೆದುಕೊಂಡು ಬೆಳಕಿರುವಾಗಲೇ ಹೊರಟರು. ಬೆಳಿಗ್ಗೆ ಲಾರಿಗೆ ಏರಿಸುವಾಗ ಡಾಕ್ಟರಿಗೆ ಪ್ರಜ್ಞೆ ಇರಲಿಲ್ಲ. ವಾಪಸು ಬಂದದ್ದು ಬರೀ ಸುದ್ದಿ. ದವಾಖಾನೆಯ ಬಾಗಿಲಲ್ಲಿ ಅವರ ತಾಯಿಗೆ ಏನಾಯಿತೋ... ಊರವರೆಲ್ಲರ ಕಥೆ ಕೇಳಿದವಳಿಗೆ ಅದೊಂದನ್ನು ಕೇಳಲಾಗಲಿಲ್ಲ. ಇಷ್ಟು ವರ್ಷವಾದರೂ ಅದು ಸುಡುತ್ತದೆ.

ನಾನಿನ್ನೂ ಏಳದ್ದನ್ನು ಕಂಡು ಶಿರಸಿಯ ಹೊಸ ಡಾಕ್ಟರು ಕೇಳಿದರು, "ಇನ್ನೇನಾದ್ರೂ ಹೇಳೂದಿತ್ತಾ ಅಜ್ಜಿ?" ಒಳ್ಳೆಯ ಹುಡುಗನೇ, ಕಣ್ಣಲ್ಲಿ ದಣಿವಿತ್ತು. ಬಾಗಿಲಲ್ಲಿ ಮಗು ಎತ್ತಿಕೊಂಡ ಹೆಂಗಸು ಕಾಲು ಬದಲಿಸುತ್ತ ನಿಂತಿದ್ದಳು. ಹುಲೇಕಲ್ ಬಸ್ಸಿಗೆ ಹೊತ್ತಾಯಿತೆಂದು ಆಕೆ ಆಗಲೇ ಗೊಣಗಿದ್ದು ನನಗೆ ಕೇಳಿತ್ತು.

"ಆಮೇಲೆ ಹೇಳ್ತೇನೆ ಮಗಾ," ಎಂದು ಬಲಗಾಲನ್ನು ಎಳೆದುಕೊಂಡು ಎದ್ದೆ.