ಬೀರವ್ವನ ತೋಳು

1953ರ ಬೇಸಗೆಯಲ್ಲಿ ನಾನು ಜಮಖಂಡಿಯ ಸರಕಾರಿ ದವಾಖಾನೆಯಲ್ಲಿ ಮೆಡಿಕಲ್ ಆಫೀಸರ್ ಆಗಿದ್ದೆ. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿತ್ತು. ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು, ರೋಗಿಗಳು ಮಾತ್ರ ಮೊದಲಿನ ಹಾಗೆಯೇ ಚಕ್ಕಡಿಯಲ್ಲಿ ಬರುತ್ತಿದ್ದರು. ಹೆಂಗಸು ಡಾಕ್ಟರ್ ಎಂದರೆ ಬಾಣಂತನಕ್ಕೆ ಎಂದು ತಿಳಿದವರೇ ಹೆಚ್ಚು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಅದರಿಂದ ಕೆಲವು ಕೆಲಸ ಬೇಗ ಆಗುತ್ತಿದ್ದವು, ಕೆಲವು ಕೆಡುತ್ತಿದ್ದವು.

ಆ ವರ್ಷ ಸಾವಳಗಿಯ ಆಚೆಗಿನ ಒಂದು ಕುರುಬರ ವಸ್ತಿಯಲ್ಲಿ ಸಿಡುಬು ಕಾಣಿಸಿಕೊಂಡಿತು. ಒಂದೇ ಗುಡಿಸಲಿನ ಇಬ್ಬರು ಮಕ್ಕಳು ಮಲಗಿದ್ದರು. ಲಸಿಕೆ ಹಾಕಲು ಹೋಗಿದ್ದ ನಮ್ಮ ವ್ಯಾಕ್ಸಿನೇಟರ್ ಇನಾಮದಾರ ಒಂದು ಟ್ಯೂಬನ್ನೂ ಒಡೆಯದೆ ವಾಪಸು ಬಂದ.

"ಯಾರೂ ತೋಳು ಕೊಡವಲ್ರು ಬಾಯಾರ. ಕೇಳಿದ್ರ, ಒಬ್ಬಾಕಿನ ಕರದು ಆಕಿ ತೋಳು ತೋರಸ್ತಾರ. ಅದನ್ನ ನೋಡಿ ನಾ ಹೊಳ್ಳಿ ಬಂದೆ."

ಸಿಡುಬಿನ ಲಸಿಕೆ ಆಗ ಲಿಂಫ್ ಎಂಬ ದ್ರವವಾಗಿ ಸಣ್ಣ ಗಾಜಿನ ಟ್ಯೂಬಿನಲ್ಲಿ ಬರುತ್ತಿತ್ತು. ಅದನ್ನು ತೋಳಿನ ಮೇಲೆ ಹಚ್ಚಿ, ಲ್ಯಾನ್ಸೆಟ್ ಎಂಬ ಸಣ್ಣ ಚೂರಿಯಿಂದ ಚರ್ಮವನ್ನು ನಾಲ್ಕು ಕಡೆ ಗೀರುತ್ತಿದ್ದರು. ನಮ್ಮ ಕಡೆಯವರು ಇದಕ್ಕೆ 'ದೇವಿ ಹಾಕುವುದು' ಎನ್ನುತ್ತಾರೆ. ಬಿಸಿಲು ತಾಗಿದರೆ ಲಿಂಫ್ ಕೆಡುತ್ತದೆ. ಬಿಸಿಲೋ, ನೆಲಕ್ಕೆ ಕಾಲಿಡಲು ಬಿಡುತ್ತಿರಲಿಲ್ಲ. ಟ್ಯೂಬುಗಳನ್ನು ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲಿಟ್ಟುಕೊಂಡು ಮರುದಿನ ನಾನೇ ಜೀಪು ಹತ್ತಿದೆ.

ವಸ್ತಿಯ ಹಿರಿಯ ಸಿದ್ದಪ್ಪ ಬೇವಿನ ಗಿಡದ ಕೆಳಗೆ ನಮ್ಮನ್ನು ತಡೆದ. ಗೌರವಕ್ಕೇನೂ ಕಡಿಮೆ ಮಾಡಲಿಲ್ಲ. ಕಂಬಳಿ ಹಾಸಿದ, ನೀರು ಕೊಟ್ಟ, ಆಮೇಲೆ ಸೊಸೆ ಬೀರವ್ವನನ್ನು ಕರೆದ.

"ಒಂದ ಸಲ ಹಾಕಿಸ್ಕೊಂಡು ಕೆಟ್ಟೇವ್ರಿ. ಈ ತೋಳ ನೋಡ್ರಿ, ಆಮ್ಯಾಗ ಮಾತಾಡ್ರಿ."

ಬೀರವ್ವ ಕುಪ್ಪಸದ ತೋಳು ಸರಿಸಿದಳು. ಮದುವೆಯ ಹೊಸತರಲ್ಲಿ ಹಾಕಿದ ನಾಲ್ಕು ಗುರುತುಗಳು ಉಬ್ಬಿ ಒಂದಕ್ಕೊಂದು ಕೂಡಿ, ಅಂಗೈಯಷ್ಟು ಅಗಲದ ಕೆಂಪು ಗಡ್ಡೆಯಾಗಿದ್ದವು. ಅಂಚಿನಿಂದ ಏಡಿಯ ಕಾಲುಗಳ ಹಾಗೆ ಎಳೆಗಳು ಭುಜದ ಕಡೆ ಹೊರಟಿದ್ದವು. ಮೇಲೆ ಸುಟ್ಟ ಗುರುತು, ಕೊಯ್ದ ಗುರುತು ಬೇರೆ.

"ರಾತ್ರಿ ಎಲ್ಲಾ ತುರಸ್ತೈತ್ರಿ," ಎಂದಳು. "ಕಾದ ಕಬ್ಬಿಣದ ಬರಿ ಕೊಡಿಸಿದ್ವಿ, ದೊಡ್ಡದಾತು. ಕೊಯ್ಸಿದ್ವಿ, ಎರಡರಷ್ಟು ಆತು."

ಇದು ಕೀಲಾಯ್ಡ್. ಗಾಯವಾದಾಗ ಚರ್ಮ ಹೊಸ ನಾರು ನೇಯ್ದು ಬಿರುಕು ಮುಚ್ಚುತ್ತದೆ, ಮುಚ್ಚಿದ ಮೇಲೆ ನಿಲ್ಲಿಸುತ್ತದೆ. ಕೆಲವರ ಚರ್ಮಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ತೇಪೆ ಹಾಕಿ ಮುಗಿದರೂ ಹೊಲಿಯುತ್ತಲೇ ಇರುವ ದರ್ಜಿಯ ಹಾಗೆ ಅದು ಗಾಯದ ಗಡಿ ದಾಟಿ ಬೆಳೆಯುತ್ತದೆ. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ. ಆದರೆ ಸುಟ್ಟರೂ ಕೊಯ್ದರೂ ಅದಕ್ಕೆ ಹೊಸ ಗಾಯ ಸಿಕ್ಕಿದಂತೆಯೇ, ಮತ್ತೆ ಹೊಲಿಗೆ ಶುರು. ಕಿವಿ, ಎದೆ, ತೋಳಿನ ಮೇಲ್ಭಾಗ ಅದಕ್ಕೆ ಪ್ರಿಯವಾದ ಜಾಗಗಳು, ಮತ್ತು ಅದು ಮನೆತನದಲ್ಲಿ ಹರಿದು ಬರುತ್ತದೆ.

ಇಷ್ಟೆಲ್ಲ ಅಲ್ಲಿ ಹೇಳುವ ಹಾಗಿರಲಿಲ್ಲ. ಹತ್ತು ಮಾರು ದೂರದ ಗುಡಿಸಲಿನಿಂದ ಮಲಗಿದ್ದ ಮಗುವಿನ ನರಳಾಟ ಕೇಳುತ್ತಿತ್ತು. ಬೀರವ್ವನ ತೋಳು ಉಬ್ಬಿದ ಮೇಲೆ ಆ ವಸ್ತಿಯಲ್ಲಿ ಹುಟ್ಟಿದ ಒಂದು ಕೂಸಿಗೂ ದೇವಿ ಹಾಕಿಸಿರಲಿಲ್ಲ. ಅವಳ ಸೊಂಟದ ಮೇಲೆಯೇ ಎಂಟು ತಿಂಗಳ ಹೆಣ್ಣು ಕೂಸು ಕುಳಿತು ನನ್ನ ಕನ್ನಡಕಕ್ಕೆ ಕೈ ಚಾಚುತ್ತಿತ್ತು. ಗದರಿಸಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಬೀರವ್ವನ ಜೋಡಿ ಅವತ್ತ ಯಾರ್ಯಾರು ಹಾಕಿಸ್ಕೊಂಡಿದ್ರಿ?" ಎಂದು ಕೇಳಿದೆ.

ನಾಲ್ಕೈದು ಜನ ತೋಳು ತೋರಿಸಿದರು. ಎಲ್ಲರದೂ ಸಪಾಟಾದ ಬಿಳಿ ಗುರುತು. ಆಗಲೇ ನನ್ನ ಕಣ್ಣು ಬೀರವ್ವನ ಹಿಂದೆ ನಿಂತಿದ್ದ ಅವಳ ತಾಯಿ ಲಗಮವ್ವನ ಮೇಲೆ ಬಿತ್ತು. ಆ ಬಿಸಿಲಿನಲ್ಲೂ ಮುದುಕಿ ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ತೆಗೆಯಮ್ಮಾ ಎಂದೆ. ಮೊದಲು ಒಲ್ಲೆ ಎಂದಳು, ಕೊನೆಗೆ ನಾಚಿಕೆಯಿಂದ ಸರಿಸಿದಳು. ಎರಡೂ ಕಿವಿಯ ಹಾಲೆಗಳಲ್ಲಿ ಗಜ್ಜುಗದಷ್ಟು ದಪ್ಪನೆಯ ಗಂಟುಗಳು.

"ಕಿವಿ ಚುಚ್ಚಿಸಿದ ಮ್ಯಾಗ ಬಂದುವ್ರಿ," ಎಂದಳು.

"ಸಿದ್ದಪ್ಪ, ಈಕಿ ಕಿವಿಗೆ ಯಾರು ದೇವಿ ಹಾಕಿದ್ರಪಾ?"

ಸಿದ್ದಪ್ಪ ಮುದುಕಿಯ ಕಿವಿಯನ್ನೂ ಸೊಸೆಯ ತೋಳನ್ನೂ ನೋಡಿದ. ಹಿಂದೆ ನಿಂತ ಹೆಂಗಸರಲ್ಲಿ ಗುಸುಗುಸು ಎದ್ದಿತು. ಕೆಲಸ ಆಯಿತೆಂದುಕೊಂಡು ಇನಾಮದಾರ ಗಡಿಗೆಯ ಬಟ್ಟೆ ಬಿಚ್ಚತೊಡಗಿದ. ಆಗ ಬೀರವ್ವ ಬಾಯಿ ತೆರೆದಳು.

"ನಮ್ಮವ್ವಂದು ನನಗ ಬಂತು. ಹಂಗಾದ್ರ ನನ್ನ ಕೂಸಿಗೂ ಬರ್ತೈತೇನ್ರಿ?"

ಇನಾಮದಾರ ನನ್ನತ್ತ ನೋಡಿ, ಇಲ್ಲವೆನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡ. ಇಲ್ಲ ಎಂದರೆ ಇಡೀ ವಸ್ತಿ ತೋಳು ಚಾಚುತ್ತಿತ್ತು. ಹೌದು ಎಂದರೆ ಎಲ್ಲರೂ ಗುಡಿಸಲು ಸೇರುತ್ತಿದ್ದರು, ಸಿಡುಬು ಒಂದೊಂದೇ ಬಾಗಿಲು ಹುಡುಕಿಕೊಂಡು ಹೋಗುತ್ತಿತ್ತು.

"ಬರಬಹುದು," ಎಂದೆ. "ಬರೂದಿಲ್ಲ ಅಂತ ಮಾತು ಕೊಡಾಕ ನನ್ನ ಕಡಿಂದ ಆಗೂದಿಲ್ಲ. ತೋಳಿಗೆ ಬ್ಯಾಡ, ತೊಡಿಗೆ ಹಾಕ್ತೇನಿ. ನಾಕ ಬ್ಯಾಡ, ಒಂದ ಹಾಕ್ತೇನಿ. ಬಂದ್ರೂ ಸಣ್ಣದ ಬಂದೀತು. ಆದ್ರ ಆ ಗುಡಿಸಲಾಗಿಂದು ಈ ಕೂಸಿಗೆ ಬಂತಂದ್ರ, ಉಳಸೂ ಔಷಧ ನನ್ನ ಹತ್ರ ಇಲ್ಲ."

"ನಡೀರಿ ಬಾಯಾರ," ಎಂದು ಸಿದ್ದಪ್ಪ ಎದ್ದ. "ನೀವ ಬರ್ತೈತಿ ಅಂದ ಮ್ಯಾಗ ಮುಗೀತು."

ಬೀರವ್ವ ಅಲುಗಲಿಲ್ಲ. "ಮಾವಾ, ದೇವಿ ಹಾಕಿದಂವ ಏನೂ ಆಗಂಗಿಲ್ಲ ಅಂದ. ಬರಿ ಕೊಟ್ಟಂವನೂ ಹಂಗ ಅಂದ. ಕೊಯ್ದಂವನೂ ಹಂಗ ಅಂದ. ಆಗತೈತಿ ಅಂದವರು ಇವರೊಬ್ಬರ." ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. "ಹಾಕ್ರಿ."

ನಿಯಮದ ಪ್ರಕಾರ ನಾಲ್ಕು ಗುರುತು ಬೇಕೆಂದು ಇನಾಮದಾರ ಪಿಸುಗುಟ್ಟಿದ. ಸುಮ್ಮನಿರು ಎಂದೆ. ಕೂಸು ಚೀರಿತು. ಅದರ ಹಿಂದೆಯೇ ಒಬ್ಬಳು ತನ್ನ ಮಗನನ್ನು ಎತ್ತಿಕೊಂಡು ಬಂದಳು, ಆಮೇಲೆ ಇನ್ನೊಬ್ಬಳು. ಹೊತ್ತು ಮುಳುಗುವುದರೊಳಗೆ ಟ್ಯೂಬುಗಳು ಮುಗಿದವು.

ಭಯ ಅಲ್ಲಿಗೆ ಮುಗಿಯಲಿಲ್ಲ. ಸೋಂಕು ಮೊದಲೇ ಆಳಕ್ಕೆ ಇಳಿದಿದ್ದರೆ ಲಸಿಕೆ ಏನೂ ಮಾಡಲಾರದು. ಮುಂದಿನ ವಾರ, ಬೀರವ್ವನ ಕೂಸಿಗೆ ಜ್ವರ ಬಂದಿದೆ ಎಂದು ಸಿದ್ದಪ್ಪನೇ ಹೇಳಿ ಕಳಿಸಿದ. ಆಗಲೇ ಜೀಪು ಹತ್ತಿದೆ. ಮಲಗಿದ್ದ ಇಬ್ಬರು ಮಕ್ಕಳಲ್ಲಿ ಒಬ್ಬ ಹಿಂದಿನ ದಿನ ತೀರಿಕೊಂಡಿದ್ದ. ಕೂಸಿನ ಮೈ ಕೆಂಡವಾಗಿತ್ತು. ಅಂಗೈ, ಅಂಗಾಲು, ಬಾಯಿಯೊಳಗೆ, ನೆತ್ತಿ, ಒಂದೊಂದೇ ಜಾಗ ನೋಡಿದೆ. ಎಲ್ಲೂ ಗುಳ್ಳೆಯಿಲ್ಲ. ತೊಡೆಯ ಮೇಲೆ, ನಾನು ಗೀರಿದ ಕಡೆ ಮಾತ್ರ ಒಂದೇ ಒಂದು ತುಂಬಿದ ಗುಳ್ಳೆ. ಲಸಿಕೆ ಹಿಡಿದಿತ್ತು, ಜ್ವರ ಅದರದ್ದೇ. ನನಗೆ ನಿಂತಲ್ಲೇ ಅಳು ಬಂತು. ಆ ವಸ್ತಿಯಲ್ಲಿ ಸಿಡುಬು ಮತ್ತೊಂದು ಮಗುವನ್ನು ಮುಟ್ಟಲಿಲ್ಲ.

ಬೀರವ್ವನ ತೋಳಿಗೆ ನಾನು ಕತ್ತಿ ಹಚ್ಚಲಿಲ್ಲ. ದಪ್ಪ ಬಟ್ಟೆಯ ಗಾದಿ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿಸಿದೆ, ಮೀರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಸ್ವಲ್ಪ ಸ್ವಲ್ಪವೇ ಎಕ್ಸ್-ರೇ ಕಿರಣದ ಚಿಕಿತ್ಸೆ ಕೊಡಿಸಿದೆ. ಗಡ್ಡೆ ಪೂರ್ತಿ ಹೋಗಲಿಲ್ಲ. ಅರ್ಧ ಇಳಿಯಿತು, ತುರಿಕೆ ನಿಂತಿತು, ರಾತ್ರಿ ನಿದ್ದೆ ಬರುತ್ತದೆ ಎಂದಳು.

ಮರುವರ್ಷ ಅವಳು ದವಾಖಾನೆಗೆ ಬಂದು ಕೂಸಿನ ಲಂಗ ಎತ್ತಿದಳು. ತೊಡೆಯ ಮೇಲೆ ಹುಣಸೆ ಬೀಜದಷ್ಟು ಕೆಂಪಗೆ ಉಬ್ಬಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಕೀಲಾಯ್ಡೇ. ಮುಂದೆ ಎಷ್ಟೋ ವರ್ಷ ಕೆಲಸ ಮಾಡಿದೆ, ಬೇಕಾದಷ್ಟು ಜನ ಹೆದರಿ ನನ್ನ ಮುಖ ನೋಡಿದರು. ಯಾರಿಗೂ 'ಏನೂ ಆಗುವುದಿಲ್ಲ' ಎಂದು ನಾನು ಹೇಳಲಿಲ್ಲ. ಆಗಬಹುದಾದದ್ದನ್ನು ಹೇಳಿ, ಆದ ಮೇಲೂ ಜೊತೆಗಿರುತ್ತೇನೆ ಎಂದೆ. ವೈದ್ಯಳಾಗಿ ನಾನು ಕಲಿತದ್ದು ಅದು, ಕಲಿಸಿದವಳು ಬೀರವ್ವ.

"ಬಂತಲ್ಲ ಬೀರವ್ವ," ಎಂದೆ ಆ ದಿನ.

ಅವಳು ನಗುತ್ತಿದ್ದಳು. ಕೂಸು ಅವಳ ಕೈ ಕೊಸರಿಕೊಂಡು ನನ್ನ ಮೇಜಿನ ಕೆಳಗೆ ನುಗ್ಗಿತ್ತು.

"ಬಂತ್ರೀ ಬಾಯಾರ, ನೀವು ಹೇಳಿದಂಗ," ಎಂದಳು. "ಕೂಸು ಐತಿ, ಅದಕ್ಕ ಬಂತು."