ಬೈಕಿನ ಕೀ ಒಂದೇ ಸಾಕು

ನಾನು ಬರೆಯುವ ಸಾಫ್ಟ್‌ವೇರ್‌ನಲ್ಲಿ ಯಾವ ಭಾಗಕ್ಕೂ ನಾನೇ ಕೈಯಾರೆ ಅನುಮತಿ ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಲು ಬಿಡುವುದಿಲ್ಲ. ಹೊನ್ನಾಳಿಯ ಗ್ಯಾರೇಜಿನಲ್ಲೂ ಅದೇ ಚಾಳಿ. ಬ್ರೇಕ್ ರಿಪೇರಿಗೆ ಬೈಕ್ ಬಿಡುವಾಗ ಗೊಂಚಲಿನಿಂದ ಮನೆ ಕೀ, ಆಫೀಸ್ ಕೀ ಬಿಚ್ಚಿಟ್ಟುಕೊಂಡು ಬೈಕಿನದೊಂದನ್ನೇ ಕೊಟ್ಟೆ.

ಮೆಕ್ಯಾನಿಕ್ ರಫೀಕ್ ಸಾಬರು ಮುಖ ಗಂಟು ಹಾಕಿಕೊಂಡರು. "ನಂಬಿಕೆ ಇಲ್ಲೇನ್ರಿ?"

"ಹಂಗಲ್ಲ ಸಾಬ್ರೇ, ಬ್ರೇಕ್ ನೋಡಾಕೆ ಇದೊಂದು ಸಾಕಲ್ಲ."

"ಇದೊಂದರಾಗೇ ಪೆಟ್ರೋಲ್ ಟ್ಯಾಂಕೂ ತೆಗೀಬಹುದು. ಅದಕ್ಕೇನ್ ಮಾಡ್ತೀರಿ?"

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದು, ನನ್ನ ಸಾಫ್ಟ್‌ವೇರ್‌ನಲ್ಲಿ ಫೈಲ್ ಓದಲೂ ಅಳಿಸಲೂ ಒಂದೇ ಆಗಿದ್ದ ಅನುಮತಿಯನ್ನು ಎರಡು ಮಾಡಿದೆ.

ರಿಪೇರಿ ಮುಗಿಸಿ ಸಾಬರು ಆ ಕಡೆ ತಿರುಗಿದ್ದೇ ತಡ, ಬೈಕ್ ಅಲ್ಲಾಡಿಸಿ ಟ್ಯಾಂಕಿಗೆ ಕಿವಿಗೊಟ್ಟೆ.

"ಐತೆ, ಹೋಗ್ರಿ" ಅಂದರು, ತಿರುಗಿಯೂ ನೋಡದೆ.